ಚಿನ್ನಾಳಪಟ್ಟಿಯ ಚೌಡಮ್ಮನೂ ‘ಚ’ಕಾರದ ಹೆಸರುಗಳೂ

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಹಿರಿಯರು ಪಂಚಾಂಗ ಬಿಚ್ಚಿ ಕೂರುವುದು ನಮ್ಮಲ್ಲಿ ವಾಡಿಕೆ. ಹೆಸರು ಯಾವುದೆಂದು ಆಮೇಲೆ ನೋಡೋಣ, ಮೊದಲು ಅಕ್ಷರ ಯಾವುದು ಹೇಳಿ ಎಂದು ಜೋಯಿಸರನ್ನು ಕೇಳುತ್ತಾರೆ. ಅಶ್ವಿನಿ ನಕ್ಷತ್ರಕ್ಕೆ ಪಾದಕ್ಕೊಂದರಂತೆ ಚು, ಚೆ, ಚೋ, ಲ. ರೇವತಿಯ ಕೊನೆಯ ಎರಡು ಪಾದಗಳಿಗೆ ಚ, ಚಿ. ‘ಚು’ ಬಂದಿತೆಂದರೆ ಮನೆಯವರಿಗೆ ಪೇಚಾಟ. ಚೂಡಾಮಣಿಯನ್ನು ಬಿಟ್ಟರೆ ಬೇರೆ ಹೆಸರು ತಟ್ಟನೆ ಹೊಳೆಯುವುದಿಲ್ಲ. ಆ ಅಕ್ಷರದ ಹೆಸರನ್ನು ಶಾಸ್ತ್ರಕ್ಕೆಂದು ಕಿವಿಯಲ್ಲಿ ಉಸುರಿ, ಕರೆಯುವುದಕ್ಕೆ ಬೇರೊಂದನ್ನು ಇಟ್ಟುಕೊಂಡು ಪಾರಾಗುವವರೇ ಹೆಚ್ಚು.

ಇದೇ ಲೆಕ್ಕವನ್ನು ತಮಿಳು ಲಿಪಿಯಲ್ಲಿ ಬರೆದು ನೋಡಿದರೆ ಒಂದು ತಮಾಷೆ ಕಾಣುತ್ತದೆ. ಶತಭಿಷಕ್ಕೆ ಹೇಳಿರುವ ಸ, ಸಿ, ಸುಗಳೂ ಅಶ್ವಿನಿಯ ಚು, ಚೆ, ಚೋಗಳೂ ಒಂದೇ ಅಕ್ಷರದ ಮನೆಗೆ ಬಂದು ಸೇರುತ್ತವೆ. ತಮಿಳಿನಲ್ಲಿ ಚಕಾರಕ್ಕೂ ಸಕಾರಕ್ಕೂ ಇರುವುದು ಒಂದೇ ಅಕ್ಷರ. ಗ್ರಂಥಲಿಪಿಯಿಂದ ಎರವಲು ತಂದ ‘ಸ’ಕಾರ ಬೇರೆ ಉಂಟು, ನಿಜ. ಅದನ್ನು ಬಳಸಿ ‘ಇದು ಸಕಾರವೇ’ ಎಂದು ತೋರಿಸಬಹುದು. ಆದರೆ ‘ಇದು ಚಕಾರವೇ ಹೊರತು ಸಕಾರವಲ್ಲ’ ಎಂದು ಹೆಸರಿನ ಮೊದಲಲ್ಲಿ ತೋರಿಸಿಕೊಡುವ ಉಪಾಯ ಆ ಲಿಪಿಯಲ್ಲಿಲ್ಲ.

ಇದೇನು ದೊಡ್ಡ ಸಂಗತಿ ಎಂದು ವಾಚಕರು ಕೇಳಬಹುದು. ಮನೆಯಲ್ಲಿ ಕನ್ನಡ ಆಡುತ್ತ, ಶಾಲೆಯಲ್ಲಿ ತಮಿಳು ಕಲಿತು, ಹೆತ್ತವರಿಟ್ಟ ಕನ್ನಡ ಹೆಸರನ್ನು ತಮಿಳಿನಲ್ಲೇ ಬರೆಯಬೇಕಾಗಿ ಬಂದವರಿಗೆ ಇದು ದೊಡ್ಡ ಸಂಗತಿಯೇ. ಅಂಥವರು ಇರುವ ಊರುಗಳಲ್ಲಿ ಒಂದು ಚಿನ್ನಾಳಪಟ್ಟಿ. ಊರಿನ ಹೆಸರೇ ಆ ಅಕ್ಷರದಿಂದ ಆರಂಭವಾಗುವುದರಿಂದ ಅಲ್ಲಿಂದಲೇ ಹೊರಡುವುದು ಸರಿ.

ದಿಂಡಿಗಲ್ಲಿನಿಂದ ಮಧುರೆಯ ಕಡೆಗೆ ಹೊರಟರೆ ಸ್ವಲ್ಪ ದೂರದಲ್ಲೇ, ಗಾಂಧಿಗ್ರಾಮಕ್ಕೆ ಒತ್ತಿಕೊಂಡಂತೆ ಈ ಪಟ್ಟಣವಿದೆ. ಮಗ್ಗದ ಊರು. ಇಲ್ಲಿಯ ಸುಂಗುಡಿ ಸೀರೆಗೆ ಹೆಸರಿದೆ. ಕಾಂಚಿಯ ರೇಷ್ಮೆಗೆ ಕೈ ಎಟುಕದವರ ಮದುವೆ ಮನೆಗಳಲ್ಲಿ ಇಲ್ಲಿಯ ಕೃತಕ ರೇಷ್ಮೆ, ‘ಚಿನ್ನಾಳಪಟ್ಟು’ ಎಂಬ ಹೆಸರಿನಲ್ಲಿ ತಮಿಳುನಾಡಿನಾದ್ಯಂತ ಉಡಲ್ಪಟ್ಟಿದೆ. ನೇಯುವವರಲ್ಲಿ ಕನ್ನಡ ಮನೆಮಾತಿನ ದೇವಾಂಗರಿದ್ದಾರೆ. ಪಶ್ಚಿಮಕ್ಕೆ ತೇನಿಯನ್ನು ದಾಟಿ ಕಂಬಂ ಕಣಿವೆಗೆ ಇಳಿದರೆ ಅಲ್ಲಿ ಬೇಸಾಯಗಾರ ಕನ್ನಡಿಗರು. ಕಪ್ಪಿಲಿಯರು ಎಂದು ತಮಿಳರು ಕರೆಯುವ ಒಕ್ಕಲಿಗರು, ಅನುಪ್ಪರು. 1909ರಲ್ಲಿ ಹೊರಬಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ಥರ್ಸ್ಟನ್ ಸಾಹೇಬನು ಈ ಎಲ್ಲರನ್ನೂ ಕನ್ನಡ ಮಾತಿನವರೆಂದು ದಾಖಲಿಸಿದ್ದಾನೆ. ವಿಜಯನಗರದ ಕಾಲದಲ್ಲೂ ಮಧುರೆ ನಾಯಕರ ಕಾಲದಲ್ಲೂ ದಕ್ಷಿಣಕ್ಕೆ ಇಳಿದು ಬಂದವರು ಇವರೆಂದು ಸಾಮಾನ್ಯವಾಗಿ ಹೇಳುವುದುಂಟು.

ಮನೆಮಾತು ಒಂದು, ರಾಜ್ಯದ ಮಾತು ಇನ್ನೊಂದು ಎಂಬ ಸ್ಥಿತಿಯನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಭೇದವುಂಟು. ನಮಗೆ ಕನ್ನಡ ಶಾಲೆಯಿದೆ, ಪತ್ರಿಕೆಯಿದೆ, ಯಕ್ಷಗಾನದ ಪ್ರಸಂಗ ಪುಸ್ತಕವಿದೆ. ಅಲ್ಲಿಯ ಕನ್ನಡ ನಾಲಗೆಯ ಮೇಲೆ ಉಳಿದ ಕನ್ನಡ, ಹೆಚ್ಚಿನವರು ಅದರ ಲಿಪಿಯನ್ನು ಕಂಡವರಲ್ಲ. ಮಲಯಾಳದಲ್ಲಿ ಚಕಾರ ಬೇರೆ, ಸಕಾರ ಬೇರೆ. ಆದುದರಿಂದ ನಮ್ಮ ಹೆಸರಿಗೆ ಪೆಟ್ಟು ಬೀಳುವುದು ಮೊದಲಿಗಲ್ಲ, ಬಾಲಕ್ಕೆ. ಚಂದ್ರನು ಚಂದ್ರನ್ ಆಗುತ್ತಾನೆ, ಮಂಜೇಶ್ವರವು ಮಂಜೇಶ್ವರಂ ಆಗುತ್ತದೆ. ನಮ್ಮ ಮನೆಯ ಹಿರಿಯರೊಬ್ಬರ ಹೆಸರಿಗೆ ಒಂದು ಕಚೇರಿಯಲ್ಲಿ ಇಂಥದೊಂದು ‘ನ್’ ಅಂಟಿಕೊಂಡು, ಅದನ್ನು ಕಳಚಿ ಹಾಕುವುದಕ್ಕೆ ಮೂರು ಸಲ ಮೆಟ್ಟಲು ಹತ್ತಬೇಕಾಗಿ ಬಂದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇರಲಿ.

ದೇವಾಂಗರ ಕುಲದೇವತೆ ಚೌಡೇಶ್ವರಿ. ಚೌಡಪ್ಪ, ಚೌಡಯ್ಯ, ಚೌಡಮ್ಮ ಎಂಬ ಹೆಸರುಗಳ ಬೇರು ಆಕೆಯಲ್ಲಿದೆ. ದೇವಾಂಗರ ಪುರಾಣದಂತೆ ಲೋಕಕ್ಕೆಲ್ಲ ಬಟ್ಟೆ ನೇಯಬೇಕಾದ ದೇವಲ ಮುನಿ ವಿಷ್ಣುವಿನ ನಾಭಿಕಮಲದಿಂದ ನೂಲು ತರುತ್ತಿರುವಾಗ ದಾರಿಯಲ್ಲಿ ಅಸುರರು ಅಡ್ಡಗಟ್ಟಿದರು. ಮುನಿ ಮೊರೆಯಿಟ್ಟ. ಆಗ ಕಣ್ಣು ಕುಕ್ಕುವ ಕಿರೀಟ ತೊಟ್ಟು ದೇವಿ ಬಂದು ಅಸುರರನ್ನು ಕಡಿದಳು. ಹರಿದ ರಕ್ತದಲ್ಲಿ ನೂಲನ್ನು ಅದ್ದಲಾಗಿ ಬಣ್ಣಗಳು ಹುಟ್ಟಿದವು. ಬಣ್ಣದ ತೊಟ್ಟಿಯ ಮುಂದೆ ದಿನವೂ ನಿಲ್ಲುವ ನೇಕಾರನಿಗೆ ಇದಕ್ಕಿಂತ ಹೊಂದುವ ಕಥೆ ಬೇರೆ ಬೇಕೆ? ಚೂಡ ಎಂದರೆ ಶಿರೋಭೂಷಣ. ಚೂಡದ ಬೆಳಕಿನಿಂದ ಬಂದವಳು ಚೂಡೇಶ್ವರಿ, ಆಕೆಯೇ ಚೌಡೇಶ್ವರಿ ಎಂದು ಆ ಸಂಪ್ರದಾಯದವರು ಅರ್ಥ ಹೇಳುತ್ತಾರೆ.

ಭಾಷೆಯ ದಾರಿ ಹಿಡಿದು ಹೋದರೆ ಇನ್ನೊಂದು ಅರ್ಥ ಸಿಕ್ಕುತ್ತದೆ, ನನಗೆ ಅದೇ ಹೆಚ್ಚು ನಂಬಿಕೆಗೆ ಯೋಗ್ಯವೆಂದು ತೋರುತ್ತದೆ. ಚಾಮುಂಡಿಯ ಮಕಾರ ಪ್ರಾಕೃತದ ಬಾಯಲ್ಲಿ ವಕಾರವಾಯಿತು, ಚಾವುಂಡಿ. ಅದು ಸವೆದು ಚೌಂಡಿ, ಇನ್ನೂ ಸವೆದು ಚೌಡಿ. ಗಂಡಸರ ಹೆಸರಿನಲ್ಲೂ ಇದೇ ಮೆಟ್ಟಲುಗಳು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಗಂಗರ ಮಂತ್ರಿ, 978ರಲ್ಲಿ ಗದ್ಯಪುರಾಣವೊಂದನ್ನು ಬರೆದ ಚಾವುಂಡರಾಯನನ್ನು ಚಾಮುಂಡರಾಯನೆಂದೂ ಕರೆದಿದ್ದಾರೆ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ಹೊತ್ತಿಗೆ ಹೆಸರು ಇಂದಿನ ರೂಪಕ್ಕೆ ಬಂದಿದೆ. ಮಲೆನಾಡಿನ ಬನಗಳ ಚೌಡಿಯೂ ಇವಳೇ. ಹಾಗೆ ನೋಡಿದರೆ ನಮ್ಮ ಕಳಿಯಾಟಗಳಲ್ಲಿ ಕೆಂಪು ಮುಡಿ ಹೊತ್ತು ಬರುವ ರಕ್ತಚಾಮುಂಡಿಯೂ ಮೂವಾಳಂಕುಳಿ ಚಾಮುಂಡಿಯೂ ಚಿನ್ನಾಳಪಟ್ಟಿಯ ಮಗ್ಗದ ಮನೆಯ ಚೌಡಮ್ಮನೂ ಹೆಸರಿನ ಮಟ್ಟಿಗೆ ಅಕ್ಕತಂಗಿಯರು.

ಈ ಹೆಸರು ತಮಿಳು ನಾಡನ್ನು ಹೊಕ್ಕಾಗ ಎರಡು ಬಾಗಿಲಲ್ಲಿ ತಲೆ ತಗ್ಗಿಸಬೇಕಾಯಿತು. ಒಂದು, ಮೇಲೆ ಹೇಳಿದ ಚ–ಸ ಗೊಂದಲ. ಇನ್ನೊಂದು ಹಳೆಯ ವ್ಯಾಕರಣದ್ದು. ತಮಿಳಿನ ಆದಿ ವ್ಯಾಕರಣ ತೊಲ್ಕಾಪ್ಪಿಯಂ ಯಾವ ಅಕ್ಷರ ಶಬ್ದದ ಮೊದಲಲ್ಲಿ ಬರಬಹುದು, ಯಾವುದು ಬರಬಾರದು ಎಂದು ಎಣಿಸಿ ಹೇಳುತ್ತದೆ. ಬರಬಾರದವುಗಳಲ್ಲಿ ‘ಚೌ’ ಒಂದು. ಪಾಪ, ಚೌಡಮ್ಮನಿಗೆ ಮೊದಲಕ್ಷರದಲ್ಲೇ ಪ್ರವೇಶವಿಲ್ಲ! ಸಂಸ್ಕೃತದ ಶಬ್ದಗಳು ನುಗ್ಗಿದ ಮೇಲೆ ಈ ಕಟ್ಟಳೆ ಸಡಿಲಾಯಿತು, ಸೌಂದರ್ಯ ಸೌಭಾಗ್ಯಗಳು ಬಂದವು. ಅವುಗಳ ಜೊತೆಗೆ ನಮ್ಮ ಚೌಡಮ್ಮನೂ ಸಾಲಿನಲ್ಲಿ ನಿಂತಳು. ಆದರೆ ಅದೇ ಸಾಲಿನಲ್ಲಿ ನಿಂತುದರಿಂದ ಆಕೆಯೂ ಸೌಡಮ್ಮ, ಸವುಡಮ್ಮ ಆದಳು. ದೇವಿಯೂ ಸೌಡೇಶ್ವರಿ, ಸೌಡಾಂಬಿಕೆ. ಸೇಲಂ ನಗರದಲ್ಲಿ ಆಕೆಯ ಹೆಸರಿನ ಕಾಲೇಜನ್ನು ಇಂಗ್ಲಿಷಿನಲ್ಲಿ ಬರೆಯುವಾಗಲೂ ಮೊದಲಕ್ಷರ ‘ಎಸ್’. ಮೈಸೂರಿನ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರು, ಏಳು ತಂತಿಯ ಪಿಟೀಲನ್ನು ಬಳಕೆಗೆ ತಂದು 1957ರಲ್ಲಿ ಮದರಾಸಿನ ಸಂಗೀತ ಕಲಾನಿಧಿಯಾದವರು, ತಮಿಳಿನ ಬರಹದಲ್ಲಿ ಸೌಡಯ್ಯನೇ. ಪಿಟೀಲಿನ ಆಕಾರದ ಸಭಾಂಗಣವೊಂದು 1980ರಲ್ಲಿ ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಎದ್ದು ನಿಂತಾಗ ಮಾತ್ರ ‘ಚೌ’ ಭದ್ರವಾಗಿ ಕೂತಿತು.

ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ತಮಿಳುನಾಡಿನ ದೇವಾಂಗರಲ್ಲಿ ಸೌಂಡಪ್ಪನ್ ಎಂಬ ಹೆಸರು ಸಾಕಷ್ಟು ಕೇಳಿ ಬರುತ್ತದೆ. ಇಂಗ್ಲಿಷಿನಲ್ಲಿ ಓದಿದರೆ ‘ಸೌಂಡ್’ ಮಾಡುವ ಅಪ್ಪನೇನೋ ಎಂದು ನಗು ಬರುವಂತಿದೆ. ಆದರೆ ನಡುವಿನ ಆ ಅನುನಾಸಿಕವನ್ನು ಗಮನಿಸಿ. ಕನ್ನಡದ ಚೌಡಪ್ಪನಲ್ಲಿ ಅದು ಬಿದ್ದು ಹೋಗಿದೆ. ಚಾವುಂಡ, ಚೌಂಡ ಎಂಬ ಹಳೆಯ ರೂಪಗಳಲ್ಲಿ ಅದು ಇತ್ತು. ನಾವು ಮೊದಲಕ್ಷರವನ್ನು ಉಳಿಸಿಕೊಂಡು ಅನುನಾಸಿಕವನ್ನು ಕಳೆದೆವು. ಅವರು ಮೊದಲಕ್ಷರವನ್ನು ಕಳೆದು ಅನುನಾಸಿಕವನ್ನು ಉಳಿಸಿಕೊಂಡಿರಬಹುದು. ಹೆಸರು ಕೆಟ್ಟಿತು ಎಂದು ಅವಸರದಲ್ಲಿ ಹೇಳುವವರು ಇದನ್ನು ನೆನಪಿಡುವುದು ಒಳ್ಳೆಯದು.

ಚಿನ್ನಾಳಪಟ್ಟಿಯ ನೆರೆಯಲ್ಲೇ 1947ರಲ್ಲಿ ಗಾಂಧಿಗ್ರಾಮವನ್ನು ಕಟ್ಟಿದವರು ಡಾಕ್ಟರ್ ಟಿ. ಎಸ್. ಸೌಂದರಂ ಮತ್ತು ಅವರ ಪತಿ ಜಿ. ರಾಮಚಂದ್ರನ್. ಸೌಂದರಂ ಅವರು ಮುಂದೆ ದಿಂಡಿಗಲ್ಲಿನಿಂದ ಲೋಕಸಭೆಗೆ ಆರಿಸಿ ಬಂದು ಕೇಂದ್ರದಲ್ಲಿ ಉಪಮಂತ್ರಿಯಾದರು, 1984ರಲ್ಲಿ ತೀರಿಕೊಂಡರು. ತಮಿಳಿನಲ್ಲಿ ಬರೆದಾಗ ಈ ವೈದ್ಯೆಯ ಹೆಸರಿಗೂ ಬೀದಿಯ ಚೌಡಮ್ಮನ ಹೆಸರಿಗೂ ಮೊದಲಕ್ಷರ ಒಂದೇ. ಒಂದರ ಅರ್ಥ ಚೆಲುವು, ಇನ್ನೊಂದರದು ಚಂಡಿಯ ಉಗ್ರರೂಪ. ಅಕ್ಷರ ಕಂಡ ಮಾತ್ರಕ್ಕೆ ಅರ್ಥ ಗೊತ್ತಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇನ್ನು ಚಿನ್ನಪ್ಪ, ಚಿನ್ನಮ್ಮ. ಕನ್ನಡದವನ ಕಿವಿಗೆ ಚಿನ್ನ ಎಂದರೆ ಬಂಗಾರ. ಮಗುವನ್ನು ‘ನನ್ನ ಚಿನ್ನ’ ಎಂದು ಮುದ್ದಿಸುವಾಗ ನಾವು ತೂಗುವುದು ಆ ಬಂಗಾರವನ್ನೇ. ತಮಿಳಿನಲ್ಲೂ ತೆಲುಗಿನಲ್ಲೂ ಚಿನ್ನ ಎಂದರೆ ಸಣ್ಣದು, ಕಿರಿಯದು. ಅಲ್ಲಿ ಚಿನ್ನಪ್ಪ ಎಂದರೆ ಚಿಕ್ಕಪ್ಪ, ಚಿನ್ನಮ್ಮ ಎಂದರೆ ಚಿಕ್ಕಮ್ಮ, ಅದು ಹೆಸರಾಗುವ ಮೊದಲು ನಂಟಸ್ತಿಕೆಯ ಮಾತು. ಒಂದೇ ಬೀದಿಯಲ್ಲಿ ಕನ್ನಡವೂ ತಮಿಳೂ ತೆಲುಗೂ ಆಡುವ ಕಡೆ ಚಿನ್ನಮ್ಮ ಎಂದು ಹೆಸರಿಟ್ಟರೆ ಒಬ್ಬಳು ಅಜ್ಜಿಗೆ ಅದು ಬಂಗಾರದಮ್ಮ, ಪಕ್ಕದ ಮನೆಯ ಅಜ್ಜಿಗೆ ಕಿರಿಯಮ್ಮ. ಎರಡೂ ತಪ್ಪಲ್ಲ. ನಮ್ಮ ಕನ್ನಡದಲ್ಲಿಯೂ ಚಿಣ್ಣ, ಚಿನ್ನಿಕೋಲು ಎಂಬ ಮಾತುಗಳಲ್ಲಿ ಆ ‘ಸಣ್ಣ’ ಅಡಗಿ ಕೂತಿದೆ. ಈರೋಡಿನ ಕನ್ನಡ ಮನೆಮಾತಿನ ಕುಟುಂಬವೊಂದರಲ್ಲಿ ಚಿನ್ನತ್ತಾಯಮ್ಮಾಳ್ ಎಂಬಾಕೆ ಇದ್ದಳು, ಎಂದರೆ ಚಿಕ್ಕ ತಾಯಿ. ಆಕೆಯ ಮಗ ಇ. ವಿ. ರಾಮಸಾಮಿಯನ್ನು ಲೋಕ ಕರೆದದ್ದು ಪೆರಿಯಾರ್ ಎಂದು. ದೊಡ್ಡವರು ಎಂದು ಅದರ ಅರ್ಥ.

ಚಿಕ್ಕಣ್ಣ, ಚಿಕ್ಕಯ್ಯ, ಚಿಕ್ಕಮ್ಮ ಇವು ಅಪ್ಪಟ ಕನ್ನಡದವು, ಅರ್ಥದಲ್ಲಿ ಗೊಂದಲವಿಲ್ಲ. ತಿರುಪ್ಪೂರಿನಲ್ಲಿ ಚಿಕ್ಕಣ್ಣನ ಹೆಸರಿನಲ್ಲೂ ಈರೋಡಿನಲ್ಲಿ ಚಿಕ್ಕಯ್ಯನ ಹೆಸರಿನಲ್ಲೂ ಕಾಲೇಜುಗಳಿರುವುದನ್ನು ಕಂಡರೆ ಆ ಸೀಮೆಯಲ್ಲಿ ಈ ಹೆಸರುಗಳು ಎಷ್ಟು ಬೇರೂರಿದ್ದವೆಂದು ತಿಳಿಯುತ್ತದೆ. ಆದರೆ ತಮಿಳಿನಲ್ಲಿ ಬರೆದು ‘ಸಿಕ್ಕಣ್ಣ’ ಎಂದು ಓದಿದರೆ? ಸಿಕ್ಕು ಎಂದರೆ ತಮಿಳಿನಲ್ಲೂ ಕನ್ನಡದಲ್ಲೂ ಗೋಜಲು, ನೂಲು ಗಂಟಾಗುವುದು. ನೇಕಾರನ ಮನೆಯಲ್ಲಿ ಬೆಳಗೆದ್ದು ಆಡಬಾರದ ಮಾತದು! ಅಂದಹಾಗೆ ನಮ್ಮ ಕಡೆಯ ಕಿಞ್ಞಣ್ಣನೂ ಈ ಚಿಕ್ಕಣ್ಣನ ಅರ್ಥದವನೇ. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ನೂರು ವರ್ಷದ ಬಾಳಿನುದ್ದಕ್ಕೂ ಹೇಳುತ್ತ ಬಂದ ಕಯ್ಯಾರ ಕಿಞ್ಞಣ್ಣ ರೈಗಳ ಹೆಸರನ್ನು ಬಯಲುಸೀಮೆಯವರು ಓದಲು ತಡವರಿಸುವುದನ್ನು ಎಷ್ಟು ಸಲ ನೋಡಿಲ್ಲ! ಅದೂ ಒಂದು ಅಕ್ಷರದ ಪಾಡು.

ಚೆನ್ನ ಎಂಬುದರ ಅರ್ಥ ಎಲ್ಲರೂ ಬಲ್ಲರು, ಚೆಲುವ, ಒಳ್ಳೆಯವ. ಕೆಳದಿಯ ಚೆನ್ನಮ್ಮ, ಕಿತ್ತೂರಿನ ಚೆನ್ನಮ್ಮ, ಚೆನ್ನಬಸವಣ್ಣ, ನಮ್ಮ ತುಳು ಪಾಡ್ದನದ ಕೋಟಿಯ ತಮ್ಮ ಚೆನ್ನಯ ಎಂದು ಹೇಳುತ್ತ ಹೋದರೆ ಮುಗಿಯುವುದಿಲ್ಲ. ತಮಿಳುನಾಡಿನ ರಾಜಧಾನಿಯೇ ಈ ಹೆಸರಿನದು. 1639ರಲ್ಲಿ ಇಂಗ್ಲಿಷರ ಕಂಪೆನಿಗೆ ಕಡಲ ಕರೆಯ ಜಾಗ ಕೊಟ್ಟ ದಾಮರ್ಲ ನಾಯಕನು ತಂದೆ ಚೆನ್ನಪ್ಪನ ಹೆಸರನ್ನು ಅಲ್ಲಿಗೆ ಇಡಿಸಿದನೆಂದು ಬಹುಮಂದಿ ಹೇಳುತ್ತಾರೆ. ಅಲ್ಲಿಯ ಚೆನ್ನಕೇಶವ ದೇವಸ್ಥಾನದಿಂದ ಬಂತೆನ್ನುವವರೂ ಉಂಟು. ಹೇಗೇ ಆದರೂ ‘ಚೆನ್ನ’ ತಪ್ಪುವುದಿಲ್ಲ. 1996ರಲ್ಲಿ ಮದರಾಸು ಎಂಬ ಹೆಸರು ಹೋಗಿ ಸರಕಾರಿಯಾಗಿಯೂ ಚೆನ್ನೈ ಆಯಿತು. ತಮಿಳರು ಅದನ್ನು ಚಕಾರದಿಂದಲೇ ಉಚ್ಚರಿಸುತ್ತಾರೆ. ಅದೇ ಅಕ್ಷರದಲ್ಲಿ ಬರೆದ ಚೌಡಮ್ಮನಿಗೆ ಮಾತ್ರ ಸಕಾರ. ನಿಯಮವೆಂಬುದು ಕಾಗದದ ಮೇಲಿಲ್ಲ, ಓದುವವನ ರೂಢಿಯಲ್ಲಿದೆ.

ತಮಿಳು ಲಿಪಿಯನ್ನು ದೂರುವುದಕ್ಕಾಗಿ ಇದನ್ನೆಲ್ಲ ಬರೆಯುತ್ತಿಲ್ಲ. ತನ್ನ ಭಾಷೆಗೆ ಸಾಕಾಗುವಷ್ಟೇ ಅಕ್ಷರ ಇಟ್ಟುಕೊಂಡ ಲಿಪಿ ಅದು. ದೂರುವ ಮೊದಲು ನಮ್ಮ ಹಿತ್ತಲನ್ನೇ ನೋಡಬೇಕು. ಇಲ್ಲಿ ಚೌ ಸೌ ಆದದ್ದಲ್ಲ, ಸಕಾರವೇ ಚಕಾರವಾದದ್ದು. ಕಾರಂತರು 1933ರಲ್ಲಿ ಬರೆದ ಕಾದಂಬರಿಯ ಚೋಮ ಯಾರು? ಸೋಮವಾರ ಹುಟ್ಟಿದ ಸೋಮ. ಶನಿವಾರ ಹುಟ್ಟಿದವನು ಚನಿಯ, ಕೆಲವೆಡೆ ತನಿಯ. ಆದಿತ್ಯವಾರದ ಐತ, ಮಂಗಳವಾರದ ಅಂಗಾರ, ಬುಧವಾರದ ಬೂದ, ಶುಕ್ರವಾರದ ತುಕ್ರ ಇವರೆಲ್ಲ ಆ ಸಾಲಿನವರೇ. ಮಲಯಾಳದಲ್ಲಿ ಶಾಸ್ತಾ ಚಾತ್ತನ್ ಆದ, ಶ್ರೀದೇವಿ ಚಿರುದೇವಿಯಾದಳು. ಇವುಗಳಲ್ಲಿ ಕೆಲವು ನಾಲಗೆಯ ಸಹಜ ತಿರುವು. ಆದರೆ ವಾರದ ಹೆಸರುಗಳ ಹಿಂದೆ ಒಂದು ಕಹಿಯೂ ಉಂಟು. ದೇವರ ಹೆಸರನ್ನು, ಧಣಿಗಳ ಮನೆಯ ಹೆಸರನ್ನು ಇಡುವ ಸ್ವಾತಂತ್ರ್ಯವಿಲ್ಲದ ದುಡಿಮೆಗಾರರ ಮಕ್ಕಳಿಗೆ ಹುಟ್ಟಿದ ವಾರವೇ ಹೆಸರಾಯಿತು. ಶಾಲೆಯ ಪಟ್ಟಿಗಳಲ್ಲಿ ಚೋಮ, ಚನಿಯರು ಇಂದು ವಿರಳ. ಅವರ ಮೊಮ್ಮಕ್ಕಳು ಬೇಕೆಂದ ಹೆಸರಿಟ್ಟುಕೊಂಡಿದ್ದಾರೆ. ಅದಕ್ಕಾಗಿ ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ತಾನಾಗಿ ಬಿಟ್ಟ ಹೆಸರಿಗೂ ತನಗರಿವಿಲ್ಲದೆ ಬದಲಾದ ಹೆಸರಿಗೂ ವ್ಯತ್ಯಾಸವಿದೆ.

ಚಿನ್ನಾಳಪಟ್ಟಿಯದು ಎರಡನೆಯ ಜಾತಿಯ ಬದಲಾವಣೆ. ಅದರ ಬಿಸಿ ತಟ್ಟುವುದು ಇನಿಷಿಯಲ್ಲಿನಲ್ಲಿ. 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ಸೇರಿದ ಸ್ವಾಭಿಮಾನ ಚಳವಳಿಯ ಮೊದಲ ಪ್ರಾಂತೀಯ ಸಮ್ಮೇಳನವು ಹೆಸರಿನ ಹಿಂದಿನ ಜಾತಿಸೂಚಕಗಳನ್ನು ಬಿಡಬೇಕೆಂದು ನಿರ್ಣಯಿಸಿತು, ಕಾಲಕ್ರಮದಲ್ಲಿ ತಮಿಳುನಾಡು ಅದನ್ನು ಬಹುಮಟ್ಟಿಗೆ ನಡೆಸಿಯೂ ಬಿಟ್ಟಿತು. ಒಳ್ಳೆಯದೇ ಆಯಿತು. ಕುಲನಾಮವೂ ಇಲ್ಲ, ಊರ ಹೆಸರೂ ಕಡಿಮೆಯಾಗುತ್ತ ಬಂದಿದೆ. ಹೆಸರಿನ ಹಿಂದೆ ಉಳಿದದ್ದು ತಂದೆಯ ಹೆಸರಿನ ಮೊದಲಕ್ಷರವೊಂದೇ. ಆ ಒಂದಕ್ಷರವೇ ಮನುಷ್ಯನ ವಂಶ. ಚೌಡಪ್ಪನ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಇಂಗ್ಲಿಷಿನ ‘ಸಿ’, ಇನ್ನೊಬ್ಬನಿಗೆ ‘ಎಸ್’ ಆಗುವುದಕ್ಕೆ ಹೆಚ್ಚೇನೂ ಬೇಡ, ಶಾಲೆಗೆ ಸೇರಿಸುವ ದಿನ ಹೆಸರು ಬರೆದುಕೊಂಡವರು ಬೇರೆ ಬೇರೆಯಾದರೆ ಸಾಕು. ಮುಂದೆ ಪಾಸ್‌ಪೋರ್ಟಿಗೋ ತಂದೆಯ ಮನೆ ಭಾಗವಾಗುವುದಕ್ಕೋ ಕಾಗದಗಳನ್ನು ಮೇಜಿನ ಮೇಲಿಟ್ಟಾಗ ಇಬ್ಬರೂ ಒಬ್ಬನೇ ಅಪ್ಪನ ಮಕ್ಕಳೆಂದು ಅಫಿಡವಿಟ್ಟು ಕೊಡಬೇಕಾಗುತ್ತದೆ. ಸತ್ತ ಅಪ್ಪ ಎದ್ದು ಬಂದು ಸಾಕ್ಷಿ ಹೇಳುವಂತಿಲ್ಲ.

ಲಿಪಿಯ ಈ ತಿಣುಕಾಟ ಸರಕಾರಕ್ಕೂ ತಪ್ಪಿದ್ದಲ್ಲ. ಊರ ಹೆಸರುಗಳ ಇಂಗ್ಲಿಷ್ ಕಾಗುಣಿತವನ್ನು ತಮಿಳು ಉಚ್ಚಾರಕ್ಕೆ ಹೊಂದಿಸಬೇಕೆಂದು 2020ರ ಜೂನಿನಲ್ಲಿ ತಮಿಳುನಾಡು ಸರಕಾರ ಸಾವಿರಕ್ಕೂ ಮಿಕ್ಕ ಊರುಗಳ ಪಟ್ಟಿ ಹೊರಡಿಸಿ, ಉದ್ದುದ್ದ ಕಾಗುಣಿತವನ್ನು ಕಂಡು ಜನ ನಕ್ಕ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 2021ರ ಕೊನೆಗೆ ಇನ್ನೊಂದು ಆಜ್ಞೆ ಬಂತು, ಹೆಸರಷ್ಟೇ ಅಲ್ಲ, ಇನಿಷಿಯಲ್ಲನ್ನೂ ತಮಿಳಿನಲ್ಲೇ ಬರೆಯಬೇಕು ಎಂದು. ಚೌಡಪ್ಪನ ಮಕ್ಕಳಿಗೆ ಇದರಿಂದ ಉಪಕಾರವಾಗಬೇಕಿತ್ತು. ‘ಸಿ’ಯೂ ಇಲ್ಲ, ‘ಎಸ್’ಸೂ ಇಲ್ಲ, ಇಬ್ಬರಿಗೂ ತಮಿಳಿನ ಒಂದೇ ಅಕ್ಷರ. ಆದರೆ ತಮಿಳಿನ ಇನಿಷಿಯಲ್ಲಿಗೆ ಬರೆಯುವುದು ಬರಿಯ ವ್ಯಂಜನವನ್ನಲ್ಲ, ಸ್ವರ ಕೂಡಿದ ಕಾಗುಣಿತವನ್ನು. ಅಪ್ಪನ ಹೆಸರು ಒಂದು ಕಾಗದದಲ್ಲಿ ‘ಸೌಡಪ್ಪನ್’ ಎಂದಿದ್ದರೆ ಇನಿಷಿಯಲ್ಲು ‘ಸೌ’, ಇನ್ನೊಂದರಲ್ಲಿ ‘ಸವುಡಪ್ಪನ್’ ಎಂದಿದ್ದರೆ ಬರಿಯ ‘ಸ’. ಅಣ್ಣತಮ್ಮಂದಿರು ಮತ್ತೆ ಅಫಿಡವಿಟ್ಟು ಬರೆಸಬೇಕು.